ಔಟ್ ರನ್ ಆಡುವ ಬಗೆ: ಆವೃತ್ತಿ ಆರಿಸುವುದರಿಂದ ಐದೂ ಗುರಿ ಮುಟ್ಟುವವರೆಗೆ

1986ರಲ್ಲಿ ಸೆಗಾ ಕಂಪನಿ ಆರ್ಕೇಡ್‌ಗಳಿಗೆ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ ಮಳಿಗೆಗಳಿಗೆ, ತಂದ ‘ಔಟ್ ರನ್’ ನೋಡಲು ತುಂಬಾ ಸರಳವಾದ ಆಟ. ಮೇಲ್ಛಾವಣಿ ಇಲ್ಲದ ಕೆಂಪು ಕಾರು, ಪಕ್ಕದಲ್ಲಿ ಸಮುದ್ರ, ಮುಂದೆ ಅಗಲವಾದ ರಸ್ತೆ. ಆದರೆ ಆಡಲು ಕೂತವರಲ್ಲಿ ಬಹಳ ಜನ ಎರಡನೇ ಹಂತದಲ್ಲೋ ಮೂರನೇ ಹಂತದಲ್ಲೋ ಸಮಯ ಮುಗಿದು ನಿಂತುಬಿಡುತ್ತಾರೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಎದುರು ಸಿಕ್ಕಿದ್ದಕ್ಕೆಲ್ಲ ಬಡಿದು, ಪ್ರತಿ ಸಲ ಸೊನ್ನೆಯಿಂದ ವೇಗ ಹಿಡಿಯುತ್ತಾ ಹೋಗುತ್ತಾರೆ. ಈ ಆಟದಲ್ಲಿ ಕಾರಿಗೆ ವೇಗ ತಾನಾಗಿಯೇ ಬರುತ್ತದೆ. ಬಂದ ವೇಗವನ್ನು ಕಳೆದುಕೊಳ್ಳದೆ ಉಳಿಸಿಕೊಳ್ಳುವುದೇ ಆಟಗಾರನ ಕೆಲಸ. ಕೆಳಗೆ ಬರೆದಿರುವ ಪ್ರತಿ ಹೆಜ್ಜೆಯೂ ಇದೊಂದಕ್ಕಾಗಿಯೇ.

ಮೊದಲು ಆಟದ ಲೆಕ್ಕ ತಿಳಿದುಕೊಳ್ಳಿ

ಒಟ್ಟು ಇರುವುದು ಹದಿನೈದು ಹಂತ, ಒಂದು ಸಲ ಆಡುವಾಗ ಅವುಗಳಲ್ಲಿ ಐದು ಬರುತ್ತವೆ. ಐದನೆಯದನ್ನು ಬಿಟ್ಟು ಪ್ರತಿ ಹಂತದ ಕೊನೆಯಲ್ಲಿ ರಸ್ತೆ ಎರಡಾಗಿ ಕವಲೊಡೆಯುತ್ತದೆ. ಎಡಕ್ಕೆ ಹೋಗಬೇಕಾ, ಬಲಕ್ಕೆ ಹೋಗಬೇಕಾ ಅನ್ನೋದು ನಿಮ್ಮ ಇಷ್ಟ. ಕವಲು ದಾಟಿ ಚೆಕ್‌ಪಾಯಿಂಟ್ ಮುಟ್ಟಿದರೆ ಗಡಿಯಾರಕ್ಕೆ ಹೆಚ್ಚುವರಿ ಸಮಯ ಸೇರುತ್ತದೆ. ಹಿಂದಿನ ಹಂತದಲ್ಲಿ ಉಳಿಸಿದ ಸೆಕೆಂಡುಗಳೂ ನಿಮ್ಮ ಜೊತೆಗೇ ಬರುತ್ತವೆ. ಹಾಗಾಗಿ ಮೊದಲ ಹಂತದಲ್ಲಿ ಉಳಿಸಿದ ಐದು ಸೆಕೆಂಡು ಕೊನೇ ಹಂತದಲ್ಲಿ ನಿಮ್ಮನ್ನು ಕಾಪಾಡಬಹುದು. ಗಡಿಯಾರ ಸೊನ್ನೆಗೆ ಬಂದರೆ ಆಟ ಅಲ್ಲಿಗೇ ಮುಗಿಯಿತು. ಆರ್ಕೇಡ್ ಆವೃತ್ತಿಯಲ್ಲಿ ನಿಂತ ಜಾಗದಿಂದ ಮುಂದುವರಿಸುವ ಅವಕಾಶ ಇಲ್ಲ. ಪೂರ್ತಿ ಗುರಿ ಮುಟ್ಟಿದರೂ ಒಂದು ಆಟ ಐದಾರು ನಿಮಿಷಕ್ಕೆ ಮುಗಿಯುತ್ತದೆ. ಸೋತರೂ ಬೇಜಾರಾಗದೆ ತಕ್ಷಣ ಇನ್ನೊಂದು ಆಟ ಶುರು ಮಾಡಬಹುದು.

ದಾರಿಯಲ್ಲಿ ಸಿಗುವ ಬೇರೆ ಕಾರು, ಲಾರಿಗಳು ನಿಮ್ಮ ಎದುರಾಳಿಗಳಲ್ಲ. ಅವು ಸುಮ್ನೆ ತಮ್ಮ ಪಾಡಿಗೆ ಹೋಗುತ್ತಿರುವ ವಾಹನಗಳು. ಆಟದ ರೂವಾರಿ ಯು ಸುಜುಕಿ ಬಯಸಿದ್ದೇ ಹೀಗೆ. ಟ್ರ್ಯಾಕಿನ ಮೇಲೆ ಸುತ್ತು ಹೊಡೆಯುವ ರೇಸ್ ಬೇಡ, ಒಳ್ಳೆ ಕಾರಿನಲ್ಲಿ ದೂರ ಹೋಗುವ ಖುಷಿ ಕೊಡುವ ಆಟ ಬೇಕು ಅಂತ ಅವರಿಗಿತ್ತು. ಅದಕ್ಕಾಗಿ ಅವರು ಯುರೋಪಿಗೆ ಹೋದರು. ಫ್ರಾಂಕ್‌ಫರ್ಟ್‌ನಿಂದ ಬಾಡಿಗೆ ಕಾರಿನಲ್ಲಿ ಹೊರಟು, ಆಲ್ಪ್ಸ್ ಬೆಟ್ಟ ದಾಟಿ, ಫ್ರಾನ್ಸಿನ ಕರಾವಳಿ ನೋಡಿಕೊಂಡು ಇಟಲಿಯವರೆಗೆ ಸುತ್ತಾಡಿ ಬಂದರು. ಆಟದೊಳಗೆ ಸಮುದ್ರ ತೀರ, ಬೆಟ್ಟ, ಗೋಧಿ ಹೊಲ, ದ್ರಾಕ್ಷಿ ತೋಟ ಒಂದಾದ ಮೇಲೊಂದು ಬರುವುದು ಇದಕ್ಕೇ.

ಇನ್ನೊಂದು ವಿಷಯ ಗೊತ್ತಿದ್ದರೆ ಆಡುವ ರೀತಿಯೇ ಬದಲಾಗುತ್ತದೆ. ಔಟ್ ರನ್‌ನಲ್ಲಿ ನಿಜವಾದ ಮೂರು ಆಯಾಮದ ಲೋಕ ಇಲ್ಲ. ಮರ, ಬೋರ್ಡು, ಬಂಡೆ, ಕಾರು ಎಲ್ಲವೂ ಚಪ್ಪಟೆ ಚಿತ್ರಗಳು. ಹತ್ತಿರ ಬಂದ ಹಾಗೆ ಯಂತ್ರ ಅವನ್ನು ದೊಡ್ಡದು ಮಾಡುತ್ತಾ ಹೋಗುತ್ತದೆ. ಹಿಂದಿನ ವರ್ಷದ ‘ಹ್ಯಾಂಗ್ ಆನ್’ ಆಟದಲ್ಲಿ ಸೆಗಾ ಬಳಸಿದ್ದೂ ಇದೇ ಬಗೆಯ ತಂತ್ರ. ರಸ್ತೆಯೂ ಪರದೆಯ ಮೇಲೆ ಬಾಗುವ ಒಂದು ಪಟ್ಟಿ ಅಷ್ಟೆ. ತಿರುವು ಬಂದಾಗ ಆಟ ನಿಮ್ಮ ಕಾರನ್ನು ತಿರುವಿನ ಹೊರಬದಿಗೆ ತಳ್ಳುತ್ತದೆ. ತಿರುವು ಕಡಿದಾದಷ್ಟೂ ವೇಗ ಜಾಸ್ತಿಯಾದಷ್ಟೂ ಆ ತಳ್ಳುವಿಕೆ ಜೋರು. ನೀವು ಸ್ಟೇರಿಂಗ್ ತಿರುಗಿಸುವುದು ಆ ತಳ್ಳುವಿಕೆಗೆ ಎದುರು ನಿಲ್ಲಲು. ಇದನ್ನು ಮನಸ್ಸಲ್ಲಿ ಇಟ್ಟುಕೊಂಡರೆ ಮುಂದಿನ ಪಾಠಗಳೆಲ್ಲ ಸುಲಭ.

ಹೆಜ್ಜೆ 1: ಯಾವ ಆವೃತ್ತಿಯಲ್ಲಿ ಆಡಬೇಕು

ಆರ್ಕೇಡ್ ಯಂತ್ರ ನಾಲ್ಕು ಬಗೆಯ ಕ್ಯಾಬಿನೆಟ್‌ಗಳಲ್ಲಿ ಬಂದಿತ್ತು. ಅದರಲ್ಲಿ ಎಲ್ಲರ ನೆನಪಲ್ಲಿ ಉಳಿದದ್ದು ಕಾರಿನ ಆಕಾರದ, ಒಳಗೆ ಕೂತು ಓಡಿಸುವ ದೊಡ್ಡ ಕ್ಯಾಬಿನೆಟ್. ಸ್ಟೇರಿಂಗ್ ತಿರುಗಿಸಿದ ಹಾಗೆ ಅದೂ ವಾಲುತ್ತಿತ್ತು. ಅಂಥದ್ದು ಎಲ್ಲಾದರೂ ಸುಸ್ಥಿತಿಯಲ್ಲಿ ಸಿಕ್ಕರೆ ಖಂಡಿತ ಕೂತು ಆಡಿ. ಆದರೆ ಕಲಿಯಲು ಮನೆಯ ಆವೃತ್ತಿಯೇ ಸರಿ. ಇಲ್ಲಿ ಆಯ್ಕೆ ಮುಖ್ಯ, ಯಾಕಂದರೆ ಒಂದೇ ಹೆಸರಿನ ಆಟ ಒಂದೊಂದು ಯಂತ್ರದಲ್ಲಿ ಒಂದೊಂದು ಥರ ಇದೆ.

ಆಯ್ಕೆ ಮಾಡುವಾಗ ಚಿತ್ರದ ಬಣ್ಣ ನೋಡಬೇಡಿ. ರಸ್ತೆ ಎಷ್ಟು ನುಣುಪಾಗಿ ಹರಿದು ಬರುತ್ತದೆ ಅನ್ನೋದನ್ನು ನೋಡಿ. ಕಾರು ಗಂಟೆಗೆ 293 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ರಸ್ತೆ ತುಂಡು ತುಂಡಾಗಿ ಹಾರಿ ಬಂದರೆ ತಿರುವು ಓದಲು ಆಗುವುದಿಲ್ಲ. ತಿರುವು ಓದಲಾಗದಿದ್ದರೆ ಈ ಆಟ ಬರೀ ಅದೃಷ್ಟದ ಆಟ ಆಗಿಬಿಡುತ್ತದೆ.

ಹಳೆಯದರಿಂದ ಶುರು ಮಾಡೋಣ. ಸೆಗಾದ ಮನೆ ಆಟದ ಯಂತ್ರ ಮಾಸ್ಟರ್ ಸಿಸ್ಟಮ್‌ಗೆ 1987ರಲ್ಲಿ ಬಂದ ಆವೃತ್ತಿ 8-ಬಿಟ್ ಯಂತ್ರದ ಮಟ್ಟಿಗೆ ದೊಡ್ಡ ಸಾಹಸ. ಕವಲುಗಳಿವೆ, ಸಂಗೀತ ಇದೆ, ಗೇರ್ ಇದೆ. ಆದರೆ ವಸ್ತುಗಳು ಮೆಟ್ಟಿಲು ಮೆಟ್ಟಿಲಾಗಿ ದೊಡ್ಡದಾಗುತ್ತವೆ. ಅದೇ ಸಮಯಕ್ಕೆ ಯುರೋಪಿನಲ್ಲಿ ಯು.ಎಸ್. ಗೋಲ್ಡ್ ಕಂಪನಿ ಮನೆ ಕಂಪ್ಯೂಟರ್‌ಗಳಿಗೂ ಆಟವನ್ನು ತಂದಿತು. ಅದರಲ್ಲಿ ಕೊಮೊಡೋರ್ 64 ಆವೃತ್ತಿಯಲ್ಲಿ ಕವಲುಗಳೇ ಇಲ್ಲ. ಐದು ನೇರ ದಾರಿಗಳಲ್ಲಿ ಒಂದನ್ನು ಮೊದಲೇ ಆರಿಸಿ ಆಡಬೇಕು. ಔಟ್ ರನ್‌ನಿಂದ ಕವಲು ತೆಗೆದರೆ ಅರ್ಧ ಆಟ ಹೋದಂತೆ ಅನ್ನುವುದು ನನ್ನ ಅಭಿಪ್ರಾಯ. ಇವನ್ನು ಇತಿಹಾಸದ ಕುತೂಹಲಕ್ಕೆ ನೋಡಿ, ಕಲಿಯಲು ಬೇಡ.

ಪಿಸಿ ಇಂಜಿನ್, ಮೆಗಾ ಡ್ರೈವ್ ಅನ್ನೋ ಮನೆ ಆಟದ ಯಂತ್ರಗಳಿಗೆ 1990 ಮತ್ತು 1991ರಲ್ಲಿ ಬಂದ ಆವೃತ್ತಿಗಳು ನಿಜಕ್ಕೂ ಆಡಬಹುದಾದವು. ಮೆಗಾ ಡ್ರೈವ್‌ನಲ್ಲಿ ಹದಿನೈದೂ ಹಂತಗಳಿವೆ. ಆರ್ಕೇಡ್‌ನ ಮೂರು ಸಂಗೀತಗಳ ಜೊತೆ ಹೊಸದೊಂದು ಸೇರಿದೆ. ರಸ್ತೆ ಆರ್ಕೇಡ್‌ನಷ್ಟು ನುಣುಪಿಲ್ಲ, ಆದರೂ ಹಳೇ ಯಂತ್ರ ಮನೆಯಲ್ಲಿದ್ದರೆ ಇದನ್ನೇ ಹಾಕಿ ಆಡಿ. ಕೈಯಲ್ಲಿ ಹಿಡಿಯುವ ಗೇಮ್ ಗಿಯರ್‌ಗೂ 1991ರಲ್ಲಿ ಒಂದು ಬಂತು.

ಆರ್ಕೇಡ್ ಆಟ ಹೆಚ್ಚುಕಡಿಮೆ ಹಾಗೇ ಮನೆಗೆ ಬಂದದ್ದು 1996ರಲ್ಲಿ, ಸೆಗಾ ಸ್ಯಾಟರ್ನ್ ಮೇಲೆ. ಮೂಲ ಆರ್ಕೇಡ್ ಆಟದಲ್ಲಿ ಚಲನೆ ಸೆಕೆಂಡಿಗೆ 30 ಫ್ರೇಮ್, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 30 ಸಲ ಬದಲಾಗುತ್ತದೆ. ಸ್ಯಾಟರ್ನ್‌ನಲ್ಲಿ ಅದನ್ನು 60ಕ್ಕೆ ಏರಿಸುವ ಆಯ್ಕೆಯೂ ಇತ್ತು. ಒಂದೇ ತಿರುವನ್ನು 30ರಲ್ಲಿ ಒಮ್ಮೆ, 60ರಲ್ಲಿ ಒಮ್ಮೆ ಆಡಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ದೂರದ ಬೋರ್ಡು ಅಲುಗದೆ ನಿಂತಂತೆ ಕಂಡು, ಆಮೇಲೆ ಜಾರಿಕೊಂಡು ಪಕ್ಕಕ್ಕೆ ಬರುತ್ತದೆ. ಕೈಗೆ ಯೋಚಿಸಲು ಸಮಯ ಸಿಗುತ್ತದೆ.

ಇವತ್ತು ಆಡಲು ಅತ್ಯುತ್ತಮ ಅಂದರೆ ಎಂ2 ಸಂಸ್ಥೆ ಮಾಡಿದ ಎರಡು ಆವೃತ್ತಿಗಳು. ಮೊದಲನೆಯದು ನಿಂಟೆಂಡೊ 3ಡಿಎಸ್‌ನ ‘3ಡಿ ಔಟ್ ರನ್’. ಜಪಾನಿನಲ್ಲಿ 2014ರಲ್ಲಿ, ಬೇರೆ ಕಡೆ 2015ರಲ್ಲಿ ಬಂತು. 60 ಫ್ರೇಮ್, ಅಗಲ ಪರದೆ, ಹೊಸ ಸಂಗೀತ, ಗುರಿ ಮುಟ್ಟಿದ ಹಾಗೆ ಕಾರಿಗೆ ಸಿಗುವ ಹೊಸ ಭಾಗಗಳು, ಎಲ್ಲ ಇದೆ. ಆದರೆ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದು 2023ರ ಮಾರ್ಚ್‌ನಲ್ಲಿ ನಿಂತುಹೋಯಿತು. ಮೊದಲೇ ಕೊಂಡಿದ್ದವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎರಡನೆಯದು ಸೆಗಾ ಏಜಸ್ ಸರಣಿಯಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದದ್ದು. ಜಪಾನಿನಲ್ಲಿ 2018ರ ಕೊನೆಗೆ ಬಿಡುಗಡೆಯಾಯಿತು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ಇಷ್ಟೊಂದು ಅಕ್ಕರೆಯಿಂದ ಹಳೇ ಆಟವೊಂದನ್ನು ಹೊಸ ಯಂತ್ರಕ್ಕೆ ತಂದ ಕೆಲಸ ಅಪರೂಪ.

ಕಂಪ್ಯೂಟರಿನಲ್ಲಿ ಆಡುವವರಿಗೆ ‘ಕ್ಯಾನನ್‌ಬಾಲ್’ ಅನ್ನೋ ಮುಕ್ತ ತಂತ್ರಾಂಶ ಇದೆ. ಔಟ್ ರನ್‌ನ ಮೂಲ ಕೋಡನ್ನು ಬಿಡಿಸಿ ಓದಿ ಹೊಸದಾಗಿ ಬರೆದದ್ದು ಅದು. ಅದಕ್ಕೆ ಮೂಲ ಆರ್ಕೇಡ್ ಬೋರ್ಡಿನ ರಾಮ್ (ROM) ಫೈಲುಗಳು, ಅಂದರೆ ಅದರ ಚಿಪ್‌ಗಳಲ್ಲಿರುವ ಆಟದ ನಕಲು ಬೇಕು, ಅವನ್ನು ನ್ಯಾಯವಾಗಿ ಪಡೆದಿರಬೇಕು. ಇನ್ನೊಂದು ಸುಲಭದ ದಾರಿಯೂ ಇದೆ. ‘ಯಾಕುಜಾ 0’ ಆಟ ನಿಮ್ಮ ಹತ್ತಿರ ಇದ್ದರೆ ಅದರೊಳಗಿನ ಸೆಗಾ ಆರ್ಕೇಡ್‌ಗೆ ಹೋಗಿ ನೋಡಿ, ಔಟ್ ರನ್ ಯಂತ್ರ ಅಲ್ಲೇ ನಿಂತಿದೆ.

ಒಂದು ಎಚ್ಚರಿಕೆ. ಮೂಲ ಆಟದ ಕಾರು ಫೆರಾರಿ ಟೆಸ್ಟರೋಸ್ಸಾವನ್ನೇ ಹೋಲುತ್ತಿತ್ತು. ನಂತರದ ಆವೃತ್ತಿಗಳಲ್ಲಿ ಲೈಸೆನ್ಸ್ ಕಾರಣಕ್ಕೆ ಕಾರಿನ ಚಿತ್ರ ಸ್ವಲ್ಪ ಬದಲಾಗಿದೆ. ಓಡಿಸುವುದರಲ್ಲಿ ಅದರಿಂದ ಏನೂ ವ್ಯತ್ಯಾಸವಿಲ್ಲ. ಜಪಾನಿನ ಆರ್ಕೇಡ್ ಆವೃತ್ತಿಗೂ ಹೊರದೇಶಗಳ ಆವೃತ್ತಿಗೂ ರಸ್ತೆಗಳಲ್ಲಿ ವ್ಯತ್ಯಾಸ ಇದೆ, ಅದು ಮಾತ್ರ ಮುಖ್ಯ. ಯಾರದೋ ವೀಡಿಯೊ ನೋಡಿ ತಿರುವು ಬಾಯಿಪಾಠ ಮಾಡುವ ಮೊದಲು ಅವರು ಆಡುತ್ತಿರುವುದು ಯಾವುದು ಅಂತ ನೋಡಿಕೊಳ್ಳಿ.

ಹೆಜ್ಜೆ 2: ಕೈಗೆ ಸರಿಹೊಂದಿಸಿಕೊಳ್ಳಿ

ಟಿವಿಯಲ್ಲಿ ಆಡುತ್ತಿದ್ದರೆ ಮೊದಲು ಗೇಮ್ ಮೋಡ್ ಹಾಕಿ. ಗುಂಡಿ ಒತ್ತುವುದಕ್ಕೂ ಕಾರು ಸರಿಯುವುದಕ್ಕೂ ನಡುವಿನ ವಿಳಂಬ ಕಮ್ಮಿಯಾಗುತ್ತದೆ. ಇದನ್ನು ಮಾಡದೆ ಆಡುವವರು ತಮಗೆ ಆಟ ಬರುವುದಿಲ್ಲ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಟಿವಿಯದು.

ಸ್ಟಿಕ್ ಇರುವ ಕಂಟ್ರೋಲರ್ ಆದರೆ ಸ್ಟಿಕ್ಕನ್ನೇ ಬಳಸಿ. ಅರ್ಧ ತಿರುವಿಗೆ ಅರ್ಧ ತಳ್ಳಬಹುದು. ಹಳೇ ಯಂತ್ರದ ಬಾಣದ ಗುಂಡಿಗಳಾದರೆ ಒತ್ತಿ ಹಿಡಿಯಬೇಡಿ. ಟಕ್, ಟಕ್ ಅಂತ ಸಣ್ಣ ಸಣ್ಣ ಒತ್ತು ಕೊಡಿ. ಉದ್ದ ತಿರುವಿನಲ್ಲಿ ಒತ್ತುವ ಅಂತರ ಕಡಿಮೆ ಮಾಡಿ, ಮೆಲ್ಲನೆಯ ತಿರುವಿನಲ್ಲಿ ಜಾಸ್ತಿ ಮಾಡಿ. ಒತ್ತಿ ಹಿಡಿದರೆ ಕಾರು ಒಳಬದಿಯ ಹುಲ್ಲಿಗೆ ಹೋಗಿ, ಅದನ್ನು ಸರಿಪಡಿಸಲು ಮತ್ತೆ ಆ ಕಡೆ ಒತ್ತಿ, ಹಾವಿನ ಹಾಗೆ ಹೊರಳಾಡಲು ಶುರುವಾಗುತ್ತದೆ.

ಗೇರ್ ಬದಲಿಸುವ ಗುಂಡಿ ಹೆಬ್ಬೆರಳು ಆಕ್ಸಿಲರೇಟರ್ ಬಿಡದೆ ಮುಟ್ಟುವ ಜಾಗದಲ್ಲಿರಲಿ. ಭುಜದ ಗುಂಡಿಗಳು ಇದಕ್ಕೆ ಚೆನ್ನಾಗಿರುತ್ತವೆ. ಹೊಸ ಆವೃತ್ತಿಗಳಲ್ಲಿ ಗೇರ್ ತಾನಾಗಿ ಬದಲಾಗುವ ಆಯ್ಕೆಯೂ ಇದೆ. ಮೊದಲ ಕೆಲವು ಆಟ ಅದರಲ್ಲೇ ಆಡಿ, ರಸ್ತೆ ನೋಡಿ. ಆಮೇಲೆ ಕೈಯಿಂದ ಗೇರ್ ಹಾಕಲು ಶುರು ಮಾಡಿ. ಮುಂದೆ ಬರುವ ಒಂದು ದೊಡ್ಡ ಉಪಾಯ ಕೈ ಗೇರಿನಲ್ಲಿ ಮಾತ್ರ ಸಾಧ್ಯ.

ಹೆಜ್ಜೆ 3: ಹೊರಡುವುದು

ಮೊದಲು ಕಾರಿನ ರೇಡಿಯೊ ಕಾಣಿಸುತ್ತದೆ. ಸ್ಟೇರಿಂಗ್ ತಿರುಗಿಸಿ ಸಂಗೀತ ಆರಿಸಿ. ಹಿರೋಶಿ ಕವಾಗುಚಿ ಮಾಡಿದ ಈ ಸಂಗೀತಗಳು ಆಟದಷ್ಟೇ ಹೆಸರು ಮಾಡಿದವು. ಆಡುವ ಮೊದಲು ಆಟಗಾರನೇ ಸಂಗೀತ ಆರಿಸುವುದು ಆ ಕಾಲಕ್ಕೆ ಹೊಸದು. ಕಲಿಯುವಷ್ಟು ದಿನ ಒಂದೇ ಸಂಗೀತ ಇಟ್ಟುಕೊಳ್ಳಿ. ಸಂಗೀತದ ಯಾವ ತಿರುವಿಗೆ ರಸ್ತೆಯ ಯಾವ ತಿರುವು ಬರುತ್ತದೆ ಅನ್ನೋದು ನಿಮಗೆ ಗೊತ್ತಿಲ್ಲದೆಯೇ ತಲೆಯಲ್ಲಿ ಕೂರುತ್ತದೆ.

ಕೆಂಪು ದೀಪ ಇರುವಾಗಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ ಇಂಜಿನ್ನನ್ನು ಕಿರುಚಿಸಬೇಡಿ. ಮೆಲ್ಲಗೆ ಬಿಟ್ಟು ಬಿಟ್ಟು ಒತ್ತಿ, ಇಂಜಿನ್ ಮಾಪಕ ನಡುವಿನಲ್ಲಿ ಇರುವಂತೆ ನೋಡಿಕೊಳ್ಳಿ. ಹಸಿರು ಬಂದ ತಕ್ಷಣ ಪೂರ್ತಿ ಒತ್ತಿ. ಲೋ ಗೇರಿನಲ್ಲೇ ಹೊರಡಬೇಕು. ಹೈ ಗೇರಿನಲ್ಲಿ ಹೊರಟರೆ ಕಾರು ವೇಗ ಹಿಡಿಯಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ. ಇಂಜಿನ್ ಮಾಪಕ ಕೆಂಪಿಗೆ ಬಂದು, ಸದ್ದು ಇನ್ನು ಏರದೆ ನಿಂತಾಗ ಹೈಗೆ ಹಾಕಿ. ಕಣ್ಣು ಮಾಪಕದ ಮೇಲೆ ಇಡಬೇಡಿ, ಕಿವಿಗೆ ಬಿಡಿ. ಈ ಆಟದಲ್ಲಿ ಇರುವುದು ಎರಡೇ ಗೇರ್, ಹಾಗಾಗಿ ಇದು ಬೇಗ ಅಭ್ಯಾಸ ಆಗುತ್ತದೆ.

ಹೆಜ್ಜೆ 4: ತಿರುವುಗಳು

ಆಟದ ಜೀವ ಇರುವುದು ಇಲ್ಲೇ.

ಮೇಲೆ ಹೇಳಿದ ತಳ್ಳುವಿಕೆಯನ್ನು ನೆನಪಿಸಿಕೊಳ್ಳಿ. ಬಲ ತಿರುವಿನಲ್ಲಿ ಕಾರು ಎಡಕ್ಕೆ ತಳ್ಳಲ್ಪಡುತ್ತದೆ. ನೀವು ತಿರುವಿಗೆ ಬರುವಾಗಲೇ ಎಡ ಅಂಚಿನಲ್ಲಿದ್ದರೆ ಸರಿಯಲು ಜಾಗವೇ ಇಲ್ಲ, ನೇರ ಹುಲ್ಲಿಗೆ. ಅದೇ ಬಲ ಅಂಚಿನಲ್ಲಿದ್ದರೆ ಇಡೀ ರಸ್ತೆಯ ಅಗಲ ನಿಮ್ಮ ಕೈಯಲ್ಲಿದೆ. ಹಾಗಾಗಿ ನಿಯಮ ಇಷ್ಟೆ: ತಿರುವು ಶುರುವಾಗುವ ಮೊದಲೇ ಒಳಬದಿಗೆ ಬಂದು ಕೂತಿರಿ. ತಿರುವಿನಲ್ಲಿ ಕಾರು ಹೊರಗೆ ಜಾರುತ್ತಾ ಹೋಗಲಿ. ತಿರುವು ಮುಗಿಯುವ ಹೊತ್ತಿಗೆ ನೀವು ಹೊರ ಅಂಚಿನ ಹತ್ತಿರ ಇರುತ್ತೀರಿ, ವೇಗ ಮಾತ್ರ ಹಾಗೇ ಇರುತ್ತದೆ.

ನಿಜವಾದ ರೇಸಿಂಗ್‌ನಲ್ಲಿ ಹೊರಗಿನಿಂದ ಬಂದು ಒಳಗೆ ಮುಟ್ಟಿ ಹೊರಗೆ ಹೋಗುತ್ತಾರೆ. ಬೇರೆ ರೇಸ್ ಆಟ ಆಡಿ ಪಳಗಿದವರು ಇಲ್ಲೂ ಅದನ್ನೇ ಮಾಡಲು ಹೋಗಿ ಪ್ರತಿ ತಿರುವಿನಲ್ಲೂ ರಸ್ತೆ ಬಿಟ್ಟು ಹೊರಗೆ ಬೀಳುತ್ತಾರೆ. ಆ ಅಭ್ಯಾಸ ಇಲ್ಲಿ ಬಿಡಲೇಬೇಕು.

ಒಂದು ತಿರುವನ್ನು ಹತ್ತಿರದಿಂದ ನೋಡೋಣ. ಮೊದಲ ಹಂತ ಕೋಕನಟ್ ಬೀಚ್‌ನಲ್ಲಿ ನೇರ ರಸ್ತೆ ಮುಗಿದು ಒಂದು ಉದ್ದದ ತಿರುವು ಬರುವ ಹೊತ್ತು. ಕಾರು 293ರಲ್ಲಿದೆ. ದೂರದಲ್ಲಿ ರಸ್ತೆಯ ತುದಿ ಒಂದು ಕಡೆಗೆ ಬಾಗಲು ಶುರುವಾಗುತ್ತದೆ. ಆ ಕ್ಷಣವೇ ಕಾರನ್ನು ಆ ಕಡೆಗೆ ಸರಿಸಿ. ತಿರುವಿನೊಳಗೆ ಬಂದಾಗ ಸ್ಟೇರಿಂಗ್ ಮುಕ್ಕಾಲು ಭಾಗ ತಿರುಗಿಸಿ ಹಿಡಿಯಿರಿ. ಟೈರುಗಳು ಕಿರ್ರ್ ಅನ್ನಲು ಶುರು ಮಾಡುತ್ತವೆ. ಆ ಸದ್ದು ಕೇಳಿ ಗಾಬರಿಯಾಗಬೇಡಿ, ಅದು ನಿಮಗೆ ಬರುವ ಮುನ್ಸೂಚನೆ. ಸದ್ದು ಬರುತ್ತಿದ್ದರೂ ಕಾರು ರಸ್ತೆಯ ನಡುವಿನಲ್ಲೇ ಇದ್ದರೆ ಆಕ್ಸಿಲರೇಟರ್ ಬಿಡುವ ಅಗತ್ಯ ಇಲ್ಲ. ಸದ್ದಿನ ಜೊತೆ ಕಾರು ಮುಕ್ಕಾಲು ರಸ್ತೆ ದಾಟಿ ಹೊರಗೆ ಜಾರಿದ್ದರೆ, ಒಂದು ಕ್ಷಣ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿ. ಹತ್ತಿಪ್ಪತ್ತು ಕಿಲೋಮೀಟರ್ ವೇಗ ಇಳಿದರೆ ಸಾಕು, ಕಾರು ಕಚ್ಚಿಕೊಂಡು ಒಳಗೆ ಬರುತ್ತದೆ. ಬ್ರೇಕ್ ಮುಟ್ಟಬೇಡಿ. ಔಟ್ ರನ್ ಚೆನ್ನಾಗಿ ಆಡುವವರು ಪೂರ್ತಿ ಆಟದಲ್ಲಿ ಬ್ರೇಕ್ ಒತ್ತುವುದೇ ಅಪರೂಪ.

ತುಂಬಾ ಕಡಿದಾದ ತಿರುವಿಗೆ ಮಾತ್ರ ಲೋ ಗೇರ್ ಬೇಕು. ತಿರುವಿನ ಮೊದಲು ಲೋಗೆ ಹಾಕಿ, ಒಳಗೆ ಎಳೆದುಕೊಂಡು, ತಿರುವು ಬಿಚ್ಚಿಕೊಳ್ಳುವಾಗ ಮತ್ತೆ ಹೈಗೆ ಹಾಕಿ. ಡೆವಿಲ್ಸ್ ಕ್ಯಾನಿಯನ್‌ನಂಥ ಏರಿಳಿತದ ಹಂತಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ಏರು ಹತ್ತುವಾಗ ಮುಂದಿನ ರಸ್ತೆ ಕಾಣುವುದಿಲ್ಲ. ಆಗ ರಸ್ತೆ ಪಕ್ಕದ ವಸ್ತುಗಳನ್ನು ನೋಡಿ. ದಿಬ್ಬದ ಆಚೆಗೆ ಮರದ ತುದಿಗಳೋ ಬೋರ್ಡುಗಳೋ ಯಾವ ಕಡೆಗೆ ಸಾಲಾಗಿ ಸರಿಯುತ್ತಿವೆ ಅಂತ ನೋಡಿದರೆ ತಿರುವು ಯಾವ ಕಡೆ ಅಂತ ಮೊದಲೇ ಗೊತ್ತಾಗುತ್ತದೆ. ಒಟ್ಟಿನಲ್ಲಿ ನಿಮ್ಮ ಕಣ್ಣು ಕಾರಿನ ಮೇಲೆ ಇರಬಾರದು, ರಸ್ತೆ ಕೊನೆಯಾಗುವ ಜಾಗದಲ್ಲಿ ಇರಬೇಕು. ಇದು ಅಭ್ಯಾಸ ಆದ ದಿನ ಆಟ ನಿಧಾನ ಆದಂತೆ ಅನ್ನಿಸುತ್ತದೆ.

ಹೆಜ್ಜೆ 5: ವಾಹನಗಳ ನಡುವೆ

ಮುಂದಿನ ವಾಹನಕ್ಕೆ ಹಿಂದಿನಿಂದ ತಾಗಿದರೆ ವೇಗ ದಬಕ್ಕನೆ ಇಳಿಯುತ್ತದೆ, ಕಾರು ಸುತ್ತಿ ತಿರುಗಲೂಬಹುದು. ನೇರ ರಸ್ತೆಯಲ್ಲಿ ಇದನ್ನು ತಪ್ಪಿಸುವುದು ಕಷ್ಟವಿಲ್ಲ. ಕಷ್ಟ ಇರುವುದು ತಿರುವಿನಲ್ಲಿ. ನೀವು ಹೊರಗೆ ಜಾರುತ್ತಿರುವಾಗ ಹೊರಬದಿಯಲ್ಲಿ ಒಂದು ಲಾರಿ ಇದ್ದರೆ ಆಟ ನಿಮ್ಮನ್ನು ನೇರ ಅದರ ಬೆನ್ನಿಗೇ ತಳ್ಳುತ್ತದೆ. ಅದಕ್ಕೇ ತಿರುವಿನಲ್ಲಿ ಯಾವಾಗಲೂ ವಾಹನದ ಒಳಬದಿಯಿಂದ ದಾಟಿ. ಒಳಬದಿಯಲ್ಲಿ ಜಾಗ ಇಲ್ಲದಿದ್ದರೆ ಒಂದು ಕ್ಷಣ ವೇಗ ಬಿಟ್ಟು ಕಾಯಿರಿ. ಆ ಒಂದು ಕ್ಷಣ ಅಪಘಾತದ ಮುಂದೆ ಏನೇನೂ ಅಲ್ಲ.

ಎರಡು ವಾಹನ ಅಕ್ಕಪಕ್ಕ ಹೋಗುತ್ತಿದ್ದರೆ ನಡುವೆ ನುಗ್ಗುವ ಆಸೆ ಬರುತ್ತದೆ. ಅವು ಲೇನ್ ಬದಲಿಸುತ್ತವೆ ಅನ್ನೋದು ನೆನಪಿರಲಿ. ಅಂಚಿನಲ್ಲಿ ಒಂದು ಕಾರಿನಷ್ಟು ಜಾಗ ಇದ್ದರೆ ಅದೇ ಒಳ್ಳೇದು.

ಹೆಜ್ಜೆ 6: ಅಪಘಾತ ಆದರೆ

ಜೋರಾದ ವೇಗದಲ್ಲಿ ಮರಕ್ಕೋ ಬೋರ್ಡಿಗೋ ಬಡಿದರೆ ಕಾರು ಪಲ್ಟಿ ಹೊಡೆಯುತ್ತದೆ, ಒಳಗಿದ್ದ ಇಬ್ಬರೂ ಹೊರಗೆ ಬೀಳುತ್ತಾರೆ. ಅದೆಲ್ಲ ನಡೆಯುವಾಗಲೂ ಗಡಿಯಾರ ಓಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದ್ದು ಒಂದೇ. ಗೇರನ್ನು ಲೋಗೆ ತಂದಿಡಿ. ಬಹಳ ಜನ ಇದನ್ನು ಮರೆತು ಹೈ ಗೇರಿನಲ್ಲಿ ಹೊರಟು ಇನ್ನಷ್ಟು ಸೆಕೆಂಡು ಕಳೆಯುತ್ತಾರೆ. ಕಾರು ರಸ್ತೆಗೆ ಬಂದ ಮೇಲೆ ಶುರುವಿನಲ್ಲಿ ಮಾಡಿದಂತೆಯೇ ಲೋ, ಆಮೇಲೆ ಹೈ.

ಒಂದು ಸಣ್ಣ ಅಪಘಾತದಿಂದ ಆಟ ಸೋಲುವುದಿಲ್ಲ. ಆ ಸಿಟ್ಟಿನಲ್ಲಿ ಮುಂದಿನ ತಿರುವಿಗೆ ಅವಸರದಲ್ಲಿ ನುಗ್ಗಿ ಮತ್ತೆ ಬಡಿದರೆ ಸೋಲುತ್ತದೆ.

ಹೆಜ್ಜೆ 7: ಕವಲು ಮತ್ತು ದಾರಿ

ಕವಲು ಹತ್ತಿರ ಬಂದಾಗ ರಸ್ತೆ ಅಗಲವಾಗುತ್ತದೆ. ಮೂಲ ಯಂತ್ರದಲ್ಲಿ ಇದಕ್ಕಾಗಿ ಎರಡು ರಸ್ತೆಗಳನ್ನು ಒಟ್ಟಿಗೆ ಬಿಡಿಸುವ ವ್ಯವಸ್ಥೆಯೇ ಇತ್ತು. ಅಗಲವಾದ ರಸ್ತೆ ಅಂದರೆ ಪಕ್ಕ ಪಕ್ಕ ಮಲಗಿಸಿದ ಎರಡು ರಸ್ತೆ. ಕವಲಿನಲ್ಲಿ ಅವೆರಡೂ ಬೇರೆಯಾಗುತ್ತವೆ. ಬೇರೆಯಾಗುವ ಹೊತ್ತಿಗೆ ನೀವು ಒಂದು ಕಡೆ ಗಟ್ಟಿಯಾಗಿ ಇರಬೇಕು. ನಡುವೆ ಇದ್ದರೆ ನೇರ ಹೋಗಿ ಬಡಿಯುತ್ತೀರಿ. ಹಂತ ಶುರುವಾದಾಗಲೇ ಎಡವೋ ಬಲವೋ ಅಂತ ತೀರ್ಮಾನ ಮಾಡಿಬಿಡಿ.

ಕವಲು ದಾಟುವಾಗ ಒಮ್ಮೆ ಆಕಾಶ ನೋಡಿ. ಎಲ್ಲೂ ನಿಲ್ಲದೆ, ಲೋಡ್ ಆಗದೆ, ಓಡುತ್ತಿರುವಾಗಲೇ ಒಂದು ಊರಿನ ಬಣ್ಣ ಕರಗಿ ಇನ್ನೊಂದು ಊರಿನ ಬಣ್ಣ ಬರುತ್ತದೆ. ಇದನ್ನು 1986ರ ಯಂತ್ರ ಮಾಡಿತು ಅನ್ನೋದು ನನಗೆ ಈಗಲೂ ಸೋಜಿಗ.

ಮೊದಲ ಹಂತ ಎಲ್ಲರಿಗೂ ಕೋಕನಟ್ ಬೀಚ್. ಎರಡನೆಯದರಲ್ಲಿ ಎಡಕ್ಕೆ ಕಲ್ಲಿನ ಕಮಾನುಗಳ ಗೇಟ್‌ವೇ, ಬಲಕ್ಕೆ ಡೆವಿಲ್ಸ್ ಕ್ಯಾನಿಯನ್. ಮೂರನೆಯದರಲ್ಲಿ ಎಡದಿಂದ ಡೆಸರ್ಟ್, ಆಲ್ಪ್ಸ್, ಕ್ಲೌಡಿ ಮೌಂಟನ್. ನಾಲ್ಕನೆಯದರಲ್ಲಿ ವೈಲ್ಡರ್‌ನೆಸ್, ಓಲ್ಡ್ ಕ್ಯಾಪಿಟಲ್, ವೀಟ್ ಫೀಲ್ಡ್, ಸೀಸೈಡ್ ಟೌನ್. ಐದನೆಯದರಲ್ಲಿ ವಿನ್‌ಯಾರ್ಡ್, ಡೆತ್ ವ್ಯಾಲಿ, ಡೆಸೊಲೇಶನ್ ಹಿಲ್, ಆಟೊಬಾನ್, ಲೇಕ್‌ಸೈಡ್. ಒಟ್ಟು ಹದಿನೈದು. ಐದೂ ಗುರಿಗಳಿಗೆ ಎಡದಿಂದ ಎ, ಬಿ, ಸಿ, ಡಿ, ಇ ಅಂತ ಹೆಸರು.

ನಾಲ್ಕು ಕವಲು, ಒಂದೊಂದರಲ್ಲೂ ಎರಡು ಆಯ್ಕೆ. ಲೆಕ್ಕ ಹಾಕಿದರೆ 16 ದಾರಿ ಆಗುತ್ತವೆ. ಆದರೆ ಎಲ್ಲ ಗುರಿಗೂ ಸಮನಾಗಿ ಹಂಚಿಲ್ಲ. ‘ಎ’ ಗುರಿಗೆ ಒಂದೇ ದಾರಿ, ನಾಲ್ಕೂ ಸಲ ಎಡ. ‘ಇ’ ಗುರಿಗೂ ಒಂದೇ, ನಾಲ್ಕೂ ಸಲ ಬಲ. ‘ಬಿ’ಗೆ ನಾಲ್ಕು ದಾರಿ: ಮೂರು ಎಡ, ಒಂದು ಬಲ. ಬಲ ಯಾವ ಕವಲಿನಲ್ಲಾದರೂ ಬರಬಹುದು. ‘ಡಿ’ಗೆ ಇದರ ತಿರುಗುಮುರುಗು. ನಡುವಿನ ‘ಸಿ’ಗೆ ಎರಡು ಎಡ, ಎರಡು ಬಲ, ಹೀಗಾಗಿ ಆರು ದಾರಿ. ಗುರಿ ಮುಖ್ಯವಾದರೆ ಎಡ ಬಲಗಳ ಎಣಿಕೆ ಸರಿಯಿದ್ದರೆ ಸಾಕು, ಕ್ರಮ ಹೇಗಿದ್ದರೂ ನಡೆಯುತ್ತದೆ. ಇದು ಗೊತ್ತಿದ್ದರೆ ‘ಬಿ’ಗೆ ಹೋಗುವಾಗ ನಿಮಗೆ ಕಷ್ಟ ಅನ್ನಿಸುವ ಹಂತವನ್ನು ತಪ್ಪಿಸಿಕೊಂಡು ಹೋಗಬಹುದು. ಉದಾಹರಣೆಗೆ ಡೆವಿಲ್ಸ್ ಕ್ಯಾನಿಯನ್ ಬೇಡ ಅಂದರೆ ಮೊದಲ ಕವಲಿನಲ್ಲಿ ಎಡಕ್ಕೆ ಹೋಗಿ, ಬಲವನ್ನು ಮುಂದಿನ ಯಾವುದಾದರೂ ಕವಲಿಗೆ ಇಟ್ಟುಕೊಳ್ಳಿ.

ಸಾಮಾನ್ಯವಾಗಿ ಎಡದ ದಾರಿಗಳು ಸುಲಭ, ಬಲಕ್ಕೆ ಹೋದಷ್ಟೂ ಕಷ್ಟ. ಅದಕ್ಕೇ ಮೊದಲ ಗುರಿ ‘ಎ’ ಆಗಲಿ. ನಾಲ್ಕೂ ಸಲ ಎಡಕ್ಕೆ ಹೋಗಿ, ಅದೇ ಐದು ಹಂತಗಳನ್ನು ಮತ್ತೆ ಮತ್ತೆ ಆಡಿ. ದಾರಿ ಬದಲಿಸುತ್ತಾ ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ. ‘ಎ’ ಮುಟ್ಟಿದ ಮೇಲೆ ‘ಬಿ’ಗೆ ಹೋಗುವಾಗ ಬಲವನ್ನು ಕೊನೇ ಕವಲಿಗೆ ಇಟ್ಟುಕೊಳ್ಳಿ. ಆಗ ಮೊದಲ ನಾಲ್ಕು ಹಂತ ಗೊತ್ತಿರುವವೇ, ಹೊಸದು ಡೆತ್ ವ್ಯಾಲಿ ಒಂದೇ. ‘ಸಿ’ಗೆ ಕೊನೇ ಎರಡು ಕವಲು ಬಲ. ಆಗ ಹೊಸದಾಗಿ ಕಲಿಯಬೇಕಾದ್ದು ಓಲ್ಡ್ ಕ್ಯಾಪಿಟಲ್ ಮತ್ತು ಡೆಸೊಲೇಶನ್ ಹಿಲ್ ಮಾತ್ರ. ಹೀಗೆ ಬಲವನ್ನು ಒಂದೊಂದೇ ಕವಲು ಹಿಂದಕ್ಕೆ ತರುತ್ತಾ ಹೋದರೆ, ‘ಡಿ’ಗೆ ಮೂರು, ‘ಇ’ಗೆ ನಾಲ್ಕು ಹೊಸ ಹಂತ ಸಿಗುತ್ತವೆ. ಕಷ್ಟ ಏರಿದ ಹಾಗೆ ನಿಮ್ಮ ಕೈಯೂ ಪಳಗಿರುತ್ತದೆ.

ಪ್ರತಿ ಗುರಿಗೂ ಬೇರೆ ಬೇರೆ ಮುಕ್ತಾಯದ ದೃಶ್ಯ ಇದೆ. ಅವು ಏನು ಅಂತ ನಾನು ಇಲ್ಲಿ ಬಿಚ್ಚಿಡುವುದಿಲ್ಲ. ಮುಟ್ಟಿ ನೋಡುವುದರಲ್ಲೇ ಖುಷಿ ಜಾಸ್ತಿ.

ಹೆಜ್ಜೆ 8: ಗೇರ್ ಗಾಚಾ

ಗೇರನ್ನು ಗಡಗಡ ಆಡಿಸುವುದಕ್ಕೆ ಇಟ್ಟ ಹೆಸರಿದು. ಹಳೇ ಆಟಗಾರರು ಕಂಡುಕೊಂಡ ಉಪಾಯ. ಹೈ ಗೇರಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಒಮ್ಮೆ ಲೋಗೆ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹೈಗೆ ಹಾಕಬೇಕು. ಸರಿಯಾಗಿ ಬಿದ್ದರೆ ಟೈರುಗಳಿಂದ ಹೊಗೆ ಏಳುತ್ತದೆ. ಆ ಸ್ವಲ್ಪ ಹೊತ್ತು ಕಾರು ಹುಲ್ಲಿನ ಮೇಲೆ ಹೋದರೂ ವೇಗ ಇಳಿಯುವುದಿಲ್ಲ. ಹೊಗೆ ನಿಲ್ಲುವ ಮೊದಲು ಮತ್ತೊಮ್ಮೆ ಮಾಡಿದರೆ ಅದು ಮುಂದುವರಿಯುತ್ತದೆ.

ಇದನ್ನು ನೇರ ರಸ್ತೆಯಲ್ಲಿ ಅಭ್ಯಾಸ ಮಾಡಿ. ಹೊಗೆ ಬಂತಾ ಅಂತ ಮಾತ್ರ ನೋಡಿ. ಲೋನಲ್ಲಿ ಜಾಸ್ತಿ ಹೊತ್ತು ಇದ್ದರೆ ವೇಗ ಇಳಿದುಬಿಡುತ್ತದೆ. ಕೈಗೆ ಕೂತ ಮೇಲೆ ತಿರುವಿನ ಹೊರ ಅಂಚಿನಲ್ಲಿ ಬಳಸಿ. ಎರಡು ಚಕ್ರ ಹುಲ್ಲಿಗೆ ಹೋಗಲಿದೆ ಅಂತ ಅನ್ನಿಸಿದ ತಕ್ಷಣ ಗೇರ್ ಆಡಿಸಿ. ಹುಲ್ಲಿನ ಆಚೆ ಇರುವ ಮರ, ಬಂಡೆಗಳು ಮಾತ್ರ ಅಲ್ಲೇ ಇರುತ್ತವೆ, ಅವಕ್ಕೆ ಬಡಿದರೆ ಯಾವ ಉಪಾಯವೂ ಕಾಪಾಡುವುದಿಲ್ಲ. ಮೂಲ ಆರ್ಕೇಡ್ ಕೋಡಿಗೆ ನಿಷ್ಠವಾಗಿರುವ ಆವೃತ್ತಿಗಳಲ್ಲೇ ಇದನ್ನು ಮಾಡಿ ನೋಡಿ. ಹಳೇ 8-ಬಿಟ್ ಆವೃತ್ತಿಗಳಲ್ಲಿ ಇದರ ಹಿಂದೆ ಬೀಳಬೇಡಿ.

ಐದು ಗುರಿ ಮುಟ್ಟುವ ಮೊದಲೇ ಇದನ್ನು ಕಲಿಯಲು ಹೋಗುವುದು ನನಗೆ ಸರಿ ಅನ್ನಿಸುವುದಿಲ್ಲ. ತಿರುವಿನಲ್ಲಿ ಒಳಬದಿ ಹಿಡಿಯುವುದು ಬರದವರಿಗೆ ಇದು ಊರುಗೋಲಾಗಿಬಿಡುತ್ತದೆ. ಅದಿಲ್ಲದೆಯೂ ಐದೂ ಗುರಿ ಮುಟ್ಟಬಹುದು. ಇದು ಅಂಕಕ್ಕಾಗಿ, ಸಮಯಕ್ಕಾಗಿ ಆಡುವವರ ಆಯುಧ. ಗುರಿ ಮುಟ್ಟಿದಾಗ ಗಡಿಯಾರದಲ್ಲಿ ಉಳಿದ ಸಮಯ ಅಂಕವಾಗಿ ಬದಲಾಗುತ್ತದೆ, ಹಾಗಾಗಿ ಒಂದೊಂದು ಕ್ಷಣಕ್ಕೂ ಬೆಲೆ ಇದೆ.

ಇದಾದ ಮೇಲೆ

ಐದೂ ಗುರಿ ಆದವರು ‘ಸಿ’ಯ ಆರು ದಾರಿಗಳನ್ನೂ ಒಂದೊಂದಾಗಿ ಹೋಗಿ ನೋಡಿ. ಎಡ ಬಲಗಳ ಕ್ರಮ ಬದಲಾದರೆ ಅದೇ ಗುರಿಗೆ ಹೋಗುವ ಪ್ರಯಾಣ ಎಷ್ಟು ಬೇರೆಯಾಗುತ್ತದೆ ಅಂತ ಗೊತ್ತಾಗುತ್ತದೆ. ಕ್ಯಾನನ್‌ಬಾಲ್ ಬಳಸುವವರಿಗೆ ಹದಿನೈದೂ ಹಂತಗಳನ್ನು ಒಂದರ ಹಿಂದೆ ಒಂದು ನಿಲ್ಲದೆ ಓಡಿಸುವ ಆಯ್ಕೆಯೂ ಇದೆ. ಅದಕ್ಕೆ ಕೂರುವ ಮೊದಲು ಆಕ್ಸಿಲರೇಟರ್‌ನ ಬೆರಳಿಗೆ ಸ್ವಲ್ಪ ವಿಶ್ರಾಂತಿ ಕೊಡಿ.